ಗುಜರಿಗೆ ಮಾರಿದ್ದ ಬಾಂಬೆ ಹಡಗು ಉಳಿದಿದ್ದು ಹೇಗೆ?

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೆ ಮೊದಲೇ ಹೇಳಿಬಿಡ್ತೀನಿ, ಇವತ್ತಿನ ಎಪಿಸೋಡಲ್ಲಿ ಹಡಗುಗಳ ಹೆಸರು ಸ್ವಲ್ಪ ಜಾಸ್ತಿ. ಎಲ್ಲಾ ನೆನಪಿಟ್ಕೋಬೇಕಾಗಿಲ್ಲ. ಒಂದು ಹೆಸರು ನೆನಪಿದ್ರೆ ಸಾಕು: ಟ್ರಿಂಕೋಮಲಿ.

1897ರ ಮೇ 19ರಂದು ಬ್ರಿಟಿಷ್ ನೌಕಾಪಡೆ ಒಂದು ಹಳೇ ಹಾಯಿ ಹಡಗನ್ನ ಗುಜರಿಯವರಿಗೆ ಮಾರಿತು. ಹಡಗು ನೀರಿಗೆ ಇಳಿದು ಆಗಲೇ 80 ವರ್ಷ ಹತ್ತಿರ ಆಗಿತ್ತು. ನಾನು ಬಿ.ಕಾಂ ಓದಿದವನು, ಹಾಗಾಗಿ ನನಗೆ ಮೊದಲು ತಲೆಗೆ ಬರೋದು ಡಿಪ್ರಿಸಿಯೇಷನ್. ಯಾವುದೇ ಆಸ್ತಿ ತಗೊಳ್ಳಿ, ಲಾರಿ ಇರಲಿ, ಮೆಷಿನ್ ಇರಲಿ, ವರ್ಷ ವರ್ಷ ಅದರ ಬೆಲೆ ಇಳೀತಾ ಹೋಗುತ್ತೆ, ಕೊನೆಗೆ ಉಳಿಯೋದು ಗುಜರಿ ಬೆಲೆ ಮಾತ್ರ. ಆ ದಿನ ಈ ಹಡಗಿನ ಬೆಲೆ ಅಂದ್ರೆ ಅಷ್ಟೇ. ಮರ, ತಾಮ್ರ, ಕಬ್ಬಿಣ. ಒಡೆದು ತೂಕಕ್ಕೆ ಹಾಕೋದು.

ಇವತ್ತು ಅದೇ ಹಡಗು ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಹಾರ್ಟಲ್‌ಪೂಲ್ ಅನ್ನೋ ಊರಲ್ಲಿ ನೀರಿನ ಮೇಲೆ ನಿಂತಿದೆ. ಟಿಕೆಟ್ ತಗೊಂಡು ಹತ್ತಬಹುದು. ಫಿರಂಗಿಗಳ ಸಾಲಿನ ನಡುವೆ ಓಡಾಡಬಹುದು. ಕೆಳಗಿನ ಅಂತಸ್ತಲ್ಲಿ ನಾವಿಕರು ತೂಗುಹಾಸಿಗೆ ಕಟ್ಟಿಕೊಂಡು ಮಲಗ್ತಿದ್ದ ಜಾಗದಲ್ಲಿ ತಲೆ ಬಗ್ಗಿಸಿ ನಡೀಬಹುದು. ಯುರೋಪಿನಲ್ಲಿ ಇನ್ನೂ ತೇಲ್ತಿರೋ ಅತಿ ಹಳೆಯ ಯುದ್ಧನೌಕೆ ಅಂತ ಅದನ್ನ ಕರೀತಾರೆ. ಮತ್ತೆ, ಅದನ್ನ ಕಟ್ಟಿದ್ದು ಬಾಂಬೆಯಲ್ಲಿ. ಕಟ್ಟಿದವರು ನಮ್ಮ ದೇಶದವರು. ಮರ ಪಶ್ಚಿಮ ಘಟ್ಟದ ತೇಗ.

ಇದನ್ನ ಕೇಳಿದ ತಕ್ಷಣ ಎಲ್ಲರೂ ಕಟ್ಟಿದ ಕಥೆಗೆ ಹೋಗ್ತಾರೆ. ನಾವೂ ಹೋಗೋಣ, ಚೆನ್ನಾಗಿದೆ ಅದು. ಆದ್ರೆ ನನಗೆ ಅದಕ್ಕಿಂತ ಕುತೂಹಲ ಇರೋದು ಗುಜರಿಯಿಂದ ಮ್ಯೂಸಿಯಂವರೆಗಿನ ದಾರಿಯಲ್ಲಿ. ಯಾಕಂದ್ರೆ ಇದಕ್ಕಿಂತ ಎಷ್ಟೋ ಪ್ರಸಿದ್ಧವಾದ ಹಡಗುಗಳು ಉಳೀಲಿಲ್ಲ. ಒಂದು ಹಡಗಂತೂ ಇದರ ಪಕ್ಕದಲ್ಲೇ ನಿಂತಿತ್ತು. ಅದನ್ನ ಸರ್ಕಾರವೇ ಬಾಂಬಿಟ್ಟು ಮುಳುಗಿಸಿತು. ಅದಕ್ಕೆ ಬರ್ತೀನಿ.

ಮೊದಲು ಬಾಂಬೆ.

1736ರಲ್ಲಿ ಲೌಜಿ ನಸರ್‌ವಾನ್‌ಜಿ ವಾಡಿಯಾ ಅನ್ನೋ ಪಾರ್ಸಿ ಹಡಗು ಬಡಗಿ ಸೂರತ್‌ನಿಂದ ಬಾಂಬೆಗೆ ಬಂದರು. ಈಸ್ಟ್ ಇಂಡಿಯಾ ಕಂಪನಿಗೆ ಅಲ್ಲೊಂದು ಹಡಗು ಕಟ್ಟೆ ಬೇಕಿತ್ತು. ಅವರ ಮಕ್ಕಳು, ಮೊಮ್ಮಕ್ಕಳು ಅದೇ ಕೆಲಸ ಮುಂದುವರಿಸಿದ್ರು. ವಾಡಿಯಾ ಅನ್ನೋ ಅಡ್ಡಹೆಸರಿನ ಅರ್ಥವೇ ಹಡಗು ಕಟ್ಟುವವನು. ನೀವು ಟೀ ಜೊತೆ ತಿನ್ನೋ ಬ್ರಿಟಾನಿಯಾ ಬಿಸ್ಕತ್ ಇದೆಯಲ್ಲ, ಆ ಕಂಪನಿ ಇವತ್ತು ಇರೋ ವಾಡಿಯಾ ಗ್ರೂಪ್ ತನ್ನ ಶುರುವಾತನ್ನ ಇದೇ 1736ಕ್ಕೆ ತಗೊಂಡು ಹೋಗುತ್ತೆ.

1812ರ ಹೊತ್ತಿಗೆ ಬ್ರಿಟನ್ ನೆಪೋಲಿಯನ್ ಜೊತೆ ವರ್ಷಗಟ್ಟಲೆ ಯುದ್ಧ ಮಾಡಿ ಮಾಡಿ ತನ್ನ ಓಕ್ ಮರಗಳನ್ನೆಲ್ಲ ಹಡಗಿಗೆ ಹಾಕಿ ಖಾಲಿ ಮಾಡ್ಕೊಂಡಿತ್ತು. ತೇಗ ಓಕ್‌ಗಿಂತ ಒಂದು ವಿಷಯದಲ್ಲಿ ಮೇಲು. ತೇಗದಲ್ಲಿ ಎಣ್ಣೆಯ ಅಂಶ ಇರುತ್ತೆ, ಬೇಗ ಕೊಳೆಯಲ್ಲ. ಓಕ್‌ನಲ್ಲಿರೋ ಆಮ್ಲ ಕಬ್ಬಿಣದ ಮೊಳೆಯನ್ನ ತಿಂದುಹಾಕುತ್ತೆ, ತೇಗ ಹಾಗೆ ಮಾಡಲ್ಲ. ನಮ್ಮಲ್ಲಿ ಹಳೇ ಮನೆ ಕೆಡವಿದಾಗ ಸಾಗುವಾನಿ ಬಾಗಿಲು, ತೊಲೆಗಳನ್ನ ಯಾರೂ ಸೌದೆಗೆ ಹಾಕಲ್ಲ ಅಲ್ವಾ? ಅದೇ ಲೆಕ್ಕ.

ಆ ವರ್ಷದ ಅಕ್ಟೋಬರ್ 30ಕ್ಕೆ ಆರ್ಡರ್ ಆಯ್ತು. ಫ್ರೆಂಚರಿಂದ 1782ರಲ್ಲಿ ವಶಪಡಿಸಿಕೊಂಡಿದ್ದ ಹೀಬಿ ಅನ್ನೋ ಹಡಗಿನ ವಿನ್ಯಾಸವನ್ನ ಬ್ರಿಟಿಷರು ಇಷ್ಟಪಟ್ಟು ನಕಲು ಮಾಡಿಕೊಂಡಿದ್ರು, ಅದೇ ಮಾದರಿಯ ಫ್ರಿಗೇಟ್ ಬೇಕು. ಫ್ರಿಗೇಟ್ ಅಂದ್ರೆ ಆಗಿನ ಕಾಲದ ಮಧ್ಯಮ ಗಾತ್ರದ, ವೇಗದ ಯುದ್ಧನೌಕೆ. ನಕ್ಷೆಗಳನ್ನ ಎಚ್‌ಎಂಎಸ್ ಜಾವಾ ಅನ್ನೋ ಹಡಗಲ್ಲಿ ಬಾಂಬೆಗೆ ಕಳಿಸಿದ್ರು. ಡಿಸೆಂಬರ್ 29ಕ್ಕೆ ಬ್ರೆಜಿಲ್ ಕರಾವಳಿ ಹತ್ರ ಜಾವಾಗೆ ಅಮೆರಿಕದ ಕಾನ್‌ಸ್ಟಿಟ್ಯೂಷನ್ ಎದುರಾಯ್ತು. ಬ್ರಿಟನ್ ಮತ್ತು ಅಮೆರಿಕದ ನಡುವೆ ಆಗ ಬೇರೆ ಯುದ್ಧ ನಡೀತಿತ್ತು. ಜಾವಾ ಸೋತು ಸುಟ್ಟುಹೋಯ್ತು, ನಕ್ಷೆಗಳೂ ಹೋದವು. ವಾಟ್ಸಾಪ್ ಇಲ್ಲ, ಬ್ಯಾಕಪ್ ಇಲ್ಲ. ಇನ್ನೊಂದು ಪ್ರತಿ ಲಂಡನ್‌ನಿಂದ ಹಡಗಲ್ಲೇ ಬರಬೇಕು.

ಬಂತು. ಆದ್ರೆ ಬಾಂಬೆಯ ಕಟ್ಟೆಯಲ್ಲಿ ಬೇರೆ ದೊಡ್ಡ ಹಡಗುಗಳ ಕೆಲಸ ಇತ್ತು. 1813ಕ್ಕೆ ಕಾರ್ನ್‌ವಾಲಿಸ್, 1815ಕ್ಕೆ ವೆಲ್ಲೆಸ್ಲಿ. ಟ್ರಿಂಕೋಮಲಿಯ ಕೀಲ್, ಅಂದ್ರೆ ಹಡಗಿನ ಬೆನ್ನೆಲುಬು, ಹಾಕಿದ್ದು 1816ರ ಏಪ್ರಿಲ್ 25ರಂದು. ಪಾರ್ಸಿ ಸಂಪ್ರದಾಯದಂತೆ ಹಡಗಿಗೆ ಒಳ್ಳೇದಾಗಲಿ ಅಂತ ಕೀಲ್‌ಗೆ ಒಂದು ಬೆಳ್ಳಿ ಮೊಳೆ ಹೊಡೆದರು. ನಾವು ಪಾಯ ಹಾಕುವಾಗ ನಾಣ್ಯ, ನವಧಾನ್ಯ ಹಾಕಲ್ವಾ, ಹಾಗೆ. ಆಗಿನ ಮುಖ್ಯ ಕಟ್ಟುಗಾರ ಜಮ್‌ಶೆಡ್‌ಜಿ ಬೊಮನ್‌ಜಿ ವಾಡಿಯಾ. ಒಂದೂವರೆ ವರ್ಷದಲ್ಲಿ, 1817ರ ಅಕ್ಟೋಬರ್ 12ಕ್ಕೆ ಹಡಗು ನೀರಿಗಿಳೀತು. ಖರ್ಚು ಸುಮಾರು 23 ಸಾವಿರ ಪೌಂಡ್.

ಇಲ್ಲೊಂದು ತಮಾಷೆ ಇದೆ. ಯಾವ ಯುದ್ಧಕ್ಕೆ ಅಂತ ಈ ಹಡಗನ್ನ ಆರ್ಡರ್ ಮಾಡಿದ್ರೋ, ಆ ಯುದ್ಧ 1815ರಲ್ಲೇ ಮುಗಿದುಹೋಗಿತ್ತು! ಬಾಂಬೆಯಿಂದ ಇಂಗ್ಲೆಂಡಿಗೆ ಹೋಗುವಾಗ 1819ರ ಜನವರಿಯಲ್ಲಿ ಹಡಗು ಸೇಂಟ್ ಹೆಲೆನಾ ದ್ವೀಪದಲ್ಲಿ ನಿಲ್ತು. ನೆಪೋಲಿಯನ್ ಆಗ ಅಲ್ಲೇ ಕೈದಿ. ಅವನಿಗೆ ಚಿಕಿತ್ಸೆ ಕೊಟ್ಟಿದ್ದ ಜಾನ್ ಸ್ಟೋಕೋ ಅನ್ನೋ ಡಾಕ್ಟರನ್ನ ಹತ್ತಿಸಿಕೊಂಡು ಹೊರಟಿತು. ನೆಪೋಲಿಯನ್ ವಿರುದ್ಧ ಹೋರಾಡಬೇಕಿದ್ದ ಹಡಗಿಗೆ ಸಿಕ್ಕಿದ್ದು ಅವನ ಡಾಕ್ಟರು.

ಪೋರ್ಟ್ಸ್‌ಮತ್ ತಲುಪಿದ ಮೇಲೆ ಕೆಲಸ ಇಲ್ಲ. 1845ರವರೆಗೆ, ಅಂದ್ರೆ 26 ವರ್ಷ, ಹಡಗನ್ನ ಮೀಸಲು ಅಂತ ಸುಮ್ಮನೆ ಕಟ್ಟಿಹಾಕಿದ್ರು. ಅಕೌಂಟ್ಸ್ ಭಾಷೆಯಲ್ಲಿ ಇದು ದುಡ್ಡು ಹಾಳು. ಆದ್ರೆ ಮರಕ್ಕೆ ಇದು ವಿಶ್ರಾಂತಿ. ಸಮುದ್ರದಲ್ಲಿ ಅಲೆ, ಬಿರುಗಾಳಿ, ಗುಂಡಿನೇಟು ತಿಂದ ಹಡಗುಗಳು ಇಪ್ಪತ್ತು ಮೂವತ್ತು ವರ್ಷಕ್ಕೇ ಸುಸ್ತಾಗ್ತಿದ್ವು. ಸ್ಕಾಟ್ಲೆಂಡಿನ ಡಂಡಿಯಲ್ಲಿ ಯೂನಿಕಾರ್ನ್ ಅಂತ ಇದೇ ಮಾದರಿಯ ಇನ್ನೊಂದು ಹಡಗಿದೆ, 1824ರದ್ದು, ಅದನ್ನೂ ಜನ ಹತ್ತಿ ನೋಡಬಹುದು. ಅದು ಉಳಿದಿದ್ದೂ ಹೀಗೇ. ಕೆಲಸ ಇಲ್ಲ ಅಂತ ಮೇಲೆ ಛಾವಣಿ ಹೊದಿಸಿ ಇಟ್ಟುಬಿಟ್ಟಿದ್ರು.

ಮುಂದಿನ ಕಥೆ ಬೇಗ ಹೇಳ್ತೀನಿ. 1847ರಿಂದ ಹತ್ತು ವರ್ಷ ಟ್ರಿಂಕೋಮಲಿ ಅಟ್ಲಾಂಟಿಕ್, ವೆಸ್ಟ್ ಇಂಡೀಸ್, ಪೆಸಿಫಿಕ್ ಸುತ್ತಿತು. ಗುಲಾಮರನ್ನ ಸಾಗಿಸೋ ಹಡಗುಗಳ ಮೇಲೆ ಗಸ್ತು, ಅಲ್ಲೊಂದು ಇಲ್ಲೊಂದು ಕಾವಲು. ದೊಡ್ಡ ಯುದ್ಧ ಅಂತ ಯಾವುದೂ ಇಲ್ಲ. ಆಮೇಲೆ ನೌಕಾಪಡೆಗೆ ಸೇರೋರಿಗೆ ತರಬೇತಿ ಕೊಡೋ ಹಡಗಾಯ್ತು. ಅಷ್ಟರಲ್ಲಿ ಉಗಿ ಎಂಜಿನ್ ಬಂತು, ಕಬ್ಬಿಣದ ಹಡಗು ಬಂತು. 1895ಕ್ಕೆ ಮತ್ತೆ ಮೂಲೆಗೆ, 1897ಕ್ಕೆ ಗುಜರಿಗೆ.

ಈಗ ಕಥೆಗೆ ಒಬ್ಬ ಮನುಷ್ಯ ಬರ್ತಾನೆ. ಜಾರ್ಜ್ ವೀಟ್ಲಿ ಕಾಬ್. ಉದ್ಯಮಿ. ಹಳೇ ಹಡಗಿನ ಹುಚ್ಚು. ಇವನ ಹತ್ರ ಫುಡ್ರೊಯಾಂಟ್ ಅನ್ನೋ ಹಡಗಿತ್ತು. 1798ರದ್ದು, ಅಡ್ಮಿರಲ್ ನೆಲ್ಸನ್ ಹತ್ತಿದ್ದ ಹಡಗು. ನೆಲ್ಸನ್ ಅಂದ್ರೆ ಬ್ರಿಟಿಷರಿಗೆ ದೇವರಿಗೆ ಒಂದು ಮೆಟ್ಟಿಲು ಕೆಳಗೆ. 1892ರಲ್ಲಿ ಇದನ್ನ ನೌಕಾಪಡೆ ಗುಜರಿಗೆ ಮಾರಿದಾಗ ದೊಡ್ಡ ಗಲಾಟೆಯಾಗಿತ್ತು. ಕಾಬ್ ಅದನ್ನ ಕೊಂಡು, ಸ್ವಂತ ದುಡ್ಡು ಹಾಕಿ ರಿಪೇರಿ ಮಾಡಿಸಿದ. ಹಾಕಿದ ದುಡ್ಡು ವಾಪಸ್ ಬರಬೇಕಲ್ಲ? ಹಡಗನ್ನ ಸಮುದ್ರ ತೀರದ ಪ್ರವಾಸಿ ಊರುಗಳಿಗೆ ತಗೊಂಡು ಹೋಗಿ ಜನರಿಗೆ ತೋರಿಸೋಕೆ ಶುರು ಮಾಡಿದ. ನಮ್ಮಲ್ಲಿ ಸರ್ಕಸ್ ಕಂಪನಿ ಊರಿಂದ ಊರಿಗೆ ಹೋಗುತ್ತಲ್ಲ, ಹಾಗೆ.

1897ರ ಜೂನ್ 16. ಬ್ಲ್ಯಾಕ್‌ಪೂಲ್ ಅನ್ನೋ ಊರಿನ ಮುಂದೆ ಬಿರುಗಾಳಿಗೆ ಸಿಕ್ಕಿ ಫುಡ್ರೊಯಾಂಟ್ ದಡಕ್ಕೆ ಬಡಿದು ನಾಶವಾಯ್ತು. ಅದರ ಮರ, ತಾಮ್ರದಿಂದ ಪೀಠೋಪಕರಣ, ಪದಕ, ನೆನಪಿನ ಸಾಮಾನುಗಳನ್ನ ಮಾಡಿ ಮಾರಿದ್ರು.

ತಾರೀಖು ನೋಡಿ. ಟ್ರಿಂಕೋಮಲಿ ಗುಜರಿಗೆ ಹೋಗಿದ್ದು ಮೇ 19. ಫುಡ್ರೊಯಾಂಟ್ ಒಡೆದಿದ್ದು ಜೂನ್ 16. ಒಂದು ತಿಂಗಳೂ ಆಗಿಲ್ಲ. ಕಾಬ್‌ಗೆ ಬದಲಿ ಹಡಗು ಬೇಕಿತ್ತು, ಗುಜರಿಯವರ ಹತ್ರ ಒಂದು ಗಟ್ಟಿ ತೇಗದ ಹಡಗಿತ್ತು. ಕೊಂಡುಕೊಂಡ. ಹೆಸರನ್ನೂ ಬದಲಾಯಿಸಿ ಫುಡ್ರೊಯಾಂಟ್ ಅಂತಲೇ ಇಟ್ಟ. ಸತ್ತ ಹಡಗಿನ ಹೆಸರಲ್ಲಿ ನಮ್ಮ ಬಾಂಬೆ ಹಡಗು ಇನ್ನು ಮುಂದೆ ತೊಂಬತ್ತು ವರ್ಷ ಹತ್ತಿರ ಬದುಕಬೇಕಾಯ್ತು. ಬ್ಲ್ಯಾಕ್‌ಪೂಲ್‌ನಲ್ಲಿ ಆವತ್ತು ಗಾಳಿ ಬೀಸದೇ ಹೋಗಿದ್ದಿದ್ರೆ ಈ ಎಪಿಸೋಡೇ ಇರ್ತಿರಲಿಲ್ಲ ಅಂತ ನನಗನಿಸುತ್ತೆ.

ಕಾಬ್ ಈ ಹಡಗನ್ನ ಗಾಜಿನ ಪೆಟ್ಟಿಗೆಯಲ್ಲಿ ಇಡಲಿಲ್ಲ. ಹುಡುಗರಿಗೆ ತರಬೇತಿ, ವಸತಿ, ರಜಾ ಶಿಬಿರ, ಹೀಗೆ ಏನೇನೋ ಕೆಲಸಕ್ಕೆ ಹಚ್ಚಿದ. ಮೊದಲು ಫಾಲ್ಮತ್‌ನಲ್ಲಿ, ಅವನ ನಂತರದ ಕಾಲದಲ್ಲಿ ಪೋರ್ಟ್ಸ್‌ಮತ್‌ನಲ್ಲಿ. ಹಡಗಿನ ಜೊತೆ ಇನ್ನೊಂದು ಹಡಗೂ ಸೇರ್ಕೊಂಡಿತು. ನಾನು ಆಗಲೇ ಹೇಳಿದ್ದೆನಲ್ಲ, ಪಕ್ಕದಲ್ಲೇ ನಿಂತಿದ್ದ ಹಡಗು ಅಂತ, ಅದು ಇದೇ. ಹೆಸರು ಇಂಪ್ಲಾಕೆಬಲ್.

ಇಂಪ್ಲಾಕೆಬಲ್ ಮೂಲತಃ ಫ್ರೆಂಚ್ ಹಡಗು, 1800ರದ್ದು, 74 ಫಿರಂಗಿ. ಹುಟ್ಟಿನ ಹೆಸರು ದುಗೇ ತ್ರುವಾಂ. 1805ರ ಟ್ರಾಫಲ್ಗರ್ ಯುದ್ಧದಲ್ಲಿ ನೆಲ್ಸನ್ ವಿರುದ್ಧ ಹೋರಾಡಿ ತಪ್ಪಿಸಿಕೊಂಡಿತ್ತು, ಎರಡು ವಾರದಲ್ಲಿ ಸಿಕ್ಕಿಬಿತ್ತು. ಟ್ರಾಫಲ್ಗರ್ ಅಂದ್ರೆ ಬ್ರಿಟಿಷ್ ಇತಿಹಾಸದ ಕುರುಕ್ಷೇತ್ರ. ಆ ಕುರುಕ್ಷೇತ್ರವನ್ನ ಕಣ್ಣಾರೆ ಕಂಡ ಹಡಗುಗಳಲ್ಲಿ 20ನೇ ಶತಮಾನಕ್ಕೆ ಉಳಿದಿದ್ದು ಎರಡೇ: ನೆಲ್ಸನ್‌ನ ವಿಕ್ಟರಿ ಮತ್ತು ಇದು. ಇದರ ಮುಂದೆ ಟ್ರಿಂಕೋಮಲಿಯ ಬಯೋಡೇಟಾ ಏನೂ ಅಲ್ಲ.

ಎರಡನೇ ಮಹಾಯುದ್ಧ ಮುಗೀತು. ಬ್ರಿಟನ್‌ನಲ್ಲಿ ಊಟದ ಸಾಮಾನಿಗೇ ರೇಷನ್. ಇಂಪ್ಲಾಕೆಬಲ್ ರಿಪೇರಿಗೆ ದುಡ್ಡು ಯಾರು ಕೊಡೋದು? ಫ್ರಾನ್ಸ್‌ಗೆ ಕೇಳಿದ್ರು, ಅವರೂ ಬೇಡ ಅಂದ್ರು. 1949ರ ಡಿಸೆಂಬರ್ 2ರಂದು ಹಡಗನ್ನ ಸಮುದ್ರಕ್ಕೆ ಎಳ್ಕೊಂಡು ಹೋಗಿ, ಬ್ರಿಟನ್ನಿಂದೂ ಫ್ರಾನ್ಸಿಂದೂ ಎರಡೂ ಬಾವುಟ ಏರಿಸಿ, ಗೌರವದಿಂದಲೇ ತಳಕ್ಕೆ ಸ್ಫೋಟಕ ಇಟ್ಟು ಸಿಡಿಸಿದ್ರು. ಅದು ತಕ್ಷಣ ಮುಳುಗಲಿಲ್ಲ. ತಳ ಹೋದ ಮೇಲೂ ಗಂಟೆಗಟ್ಟಲೆ ತೇಲ್ತಾ ಇತ್ತು. ಹಿಂಬದಿಯ ಅಲಂಕಾರದ ಭಾಗ ಮತ್ತು ಮೂತಿಯ ಶಿಲ್ಪ ಮಾತ್ರ ಗ್ರೀನಿಚ್‌ನ ಮ್ಯೂಸಿಯಂನಲ್ಲಿದೆ.

ಬಾಂಬೆಯಲ್ಲಿ ಕಟ್ಟಿದ ಇನ್ನೊಂದರ ಕಥೆಯೂ ಹೀಗೇ ಆಯ್ತು. ಆಗಲೇ ಹೆಸರು ಬಂತಲ್ಲ, ವೆಲ್ಲೆಸ್ಲಿ. ಥೇಮ್ಸ್ ನದಿಯಲ್ಲಿ ತರಬೇತಿ ಹಡಗಾಗಿ ನಿಂತಿತ್ತು. 1940ರಲ್ಲಿ ಜರ್ಮನ್ ವಿಮಾನಗಳ ಬಾಂಬ್ ದಾಳಿಗೆ ಸಿಕ್ಕಿ ಮುಳುಗಿತು.

ಹಾಗಾದ್ರೆ ಟ್ರಿಂಕೋಮಲಿ ಹೇಗೆ ತಪ್ಪಿಸಿಕೊಂಡಿತು? ನನ್ನ ಲೆಕ್ಕ ಇದು. ಒಂದು, ತೇಗ. ಎರಡು, ಗಾತ್ರ. ಇಂಪ್ಲಾಕೆಬಲ್ ಅದಕ್ಕಿಂತ ತುಂಬಾ ದೊಡ್ಡದು, ದೊಡ್ಡದಕ್ಕೆ ದೊಡ್ಡ ಬಿಲ್ಲು. ಮೂರು, ಇದೇ ಮುಖ್ಯ, ಅದಕ್ಕೆ ಯಾವಾಗಲೂ ಒಂದು ಸಣ್ಣ ಕೆಲಸ ಇತ್ತು. ರಜೆಗೆ ಬರೋ ಮಕ್ಕಳಿಗೆ ಹುಟ್ಟು ಹಾಕೋದು ಕಲಿಸೋ ಹಡಗಾಗಿ ಅದು 1986ರವರೆಗೂ ದುಡೀತು. ದೊಡ್ಡ ಇತಿಹಾಸ ಇರೋ ಹಡಗಿಗೆ ಜನ ಸೆಲ್ಯೂಟ್ ಹೊಡೆದು ಕಳಿಸಿಕೊಟ್ರು. ಕೆಲಸ ಮಾಡ್ತಿದ್ದ ಹಡಗಿಗೆ, ಇನ್ನೊಂದು ವರ್ಷ ನಡೀಲಿ ಅಂತ ಹಲಗೆ ಬದಲಾಯಿಸಿದ್ರು.

1987ರಲ್ಲಿ ಅದನ್ನ ಒಂದು ಬಾರ್ಜ್ ಮೇಲೆ ಏರಿಸಿ ಹಾರ್ಟಲ್‌ಪೂಲ್‌ಗೆ ತಂದ್ರು. ಯಾಕೆ ಅಲ್ಲಿಗೆ? ಹಾರ್ಟಲ್‌ಪೂಲ್ ಹಿಂದೆ ಹಡಗು ಕಟ್ಟೋ ಊರು, ಆಗ ಆ ಉದ್ಯಮ ಮುಚ್ಚಿಹೋಗಿತ್ತು. ಅಲ್ಲಿನ ಕೆಲಸಗಾರರು ಅದೇ ತಾನೆ ವಾರಿಯರ್ ಅನ್ನೋ 1860ರ ಕಬ್ಬಿಣದ ಯುದ್ಧನೌಕೆಯನ್ನ ರಿಪೇರಿ ಮಾಡಿ ಪೋರ್ಟ್ಸ್‌ಮತ್‌ಗೆ ಕಳಿಸಿದ್ರು. ಕೈಯಲ್ಲಿ ಕಸುಬಿತ್ತು, ಮುಂದಿನ ಕೆಲಸ ಬೇಕಿತ್ತು. 1992ರಲ್ಲಿ ಹಡಗಿಗೆ ಹುಟ್ಟಿನ ಹೆಸರು ವಾಪಸ್ ಬಂತು. 2001ಕ್ಕೆ ಕೆಲಸ ಪೂರ್ತಿ. ಒಟ್ಟು ಖರ್ಚು ಒಂದು ಕೋಟಿ ಪೌಂಡ್ ದಾಟಿತು. ಕಟ್ಟೋಕೆ 23 ಸಾವಿರ, ಉಳಿಸೋಕೆ ಕೋಟಿ. ರೂಪಾಯಿ ಬೆಲೆ ಇಳಿದಂಗೆ ಪೌಂಡಿಂದೂ ಇಳಿದಿದೆ, ನೇರ ಹೋಲಿಕೆ ಮಾಡಬಾರದು, ಗೊತ್ತು. ಆದ್ರೂ ಡಿಪ್ರಿಸಿಯೇಷನ್ ಪಾಠದಲ್ಲಿ ಈ ಎಂಟ್ರಿಯನ್ನ ಎಲ್ಲಿ ಬರೀಬೇಕು ಅಂತ ನನಗೆ ಯಾರೂ ಹೇಳಿಕೊಟ್ಟಿಲ್ಲ.

ಇಷ್ಟೆಲ್ಲ ಹಲಗೆ ಬದಲಾಯಿಸಿದ ಮೇಲೆ ಅದು ಅದೇ ಹಡಗಾ ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ಟ್ರಿಂಕೋಮಲಿಯಲ್ಲಿ ಇವತ್ತಿಗೂ ಅರ್ಧಕ್ಕಿಂತ ಹೆಚ್ಚು ಮರ 1817ರದ್ದೇ. ಜಾವಾವನ್ನ ಸೋಲಿಸಿ ನಮ್ಮ ನಕ್ಷೆ ಹಾಳು ಮಾಡಿದ ಅಮೆರಿಕದ ಕಾನ್‌ಸ್ಟಿಟ್ಯೂಷನ್ ಇದೆಯಲ್ಲ, ಅದೂ ಬಾಸ್ಟನ್‌ನಲ್ಲಿ ಇನ್ನೂ ತೇಲ್ತಿದೆ. 1797ರದ್ದು. ಅಮೆರಿಕ ನೌಕಾಪಡೆಯ ಸಿಬ್ಬಂದಿಯೇ ಜನರಿಗೆ ತೋರಿಸ್ತಾರೆ, ಪ್ರವೇಶ ಉಚಿತ. ಅದರಲ್ಲಿ ಮೂಲ ಮರ ಶೇಕಡಾ 10ರಿಂದ 15 ಮಾತ್ರ. ಹಾಗಂತ ಅದು ಬೇರೆ ಹಡಗಾ? ನಮ್ಮೂರ ತೇರಿನ ಗಾಲಿ ಬದಲಾಯಿಸ್ತೀವಿ, ಅಚ್ಚು ಬದಲಾಯಿಸ್ತೀವಿ, ತೊಲೆ ಬದಲಾಯಿಸ್ತೀವಿ. ಯಾರೂ ಇದು ಡೂಪ್ಲಿಕೇಟ್ ತೇರು ಅನ್ನಲ್ಲ. ಎಳೆಯೋ ಜನ ತಪ್ಪಿಲ್ಲ ಅಂದ್ರೆ ತೇರು ಅದೇ.

ಈಗ ಇನ್ನೊಂದು ಮಾತು. ಈ ಹಡಗಿನ ಬಗ್ಗೆ ಕೇಳಿದವರು ನಮ್ಮ ಹಡಗು ವಾಪಸ್ ಕೊಡಿ ಅನ್ನಬಹುದು, ಕೊಹಿನೂರ್ ಥರ. ನನಗೆ ಅದು ಸರಿ ಕಾಣಲ್ಲ. ಕೊಹಿನೂರ್ ಕಿತ್ಕೊಂಡಿದ್ದು, ಇದು ಆರ್ಡರ್ ಕೊಟ್ಟು ದುಡ್ಡು ಕೊಟ್ಟು ಕಟ್ಟಿಸಿದ್ದು. ಬೇಕಿದ್ರೆ ನಾವು ಕೇಳಬೇಕಾದ್ದು ಬೇರೆ. ವಾಡಿಯಾಗಳ ಹೆಸರು ದಾಖಲೆಯಲ್ಲಿದೆ. ತೇಗವನ್ನ ಕಡಿದವರು, ಬಂಡೆಯಂಥ ದಿಮ್ಮಿಗಳನ್ನ ಕಾಡಿಂದ ಕಡಲಿಗೆ ತಂದವರು, ಹಲಗೆ ಕೊಯ್ದವರು, ಸಂದಿ ಮುಚ್ಚಿದವರು, ಇವರು ಯಾರ ಹೆಸರೂ ಜನರ ಬಾಯಲ್ಲಿಲ್ಲ. ಅವರ ಕೈಕೆಲಸ ಮಾತ್ರ ಹಾರ್ಟಲ್‌ಪೂಲ್‌ನಲ್ಲಿ ಕೈಯಿಟ್ಟು ಮುಟ್ಟುವಂತಿದೆ.

ಮತ್ತೆ, ಮುಂಬೈನಲ್ಲೇ ಇದ್ದಿದ್ರೆ ಉಳೀತಿತ್ತಾ? ಐಎನ್‌ಎಸ್ ವಿಕ್ರಾಂತ್ ನೆನಪು ಮಾಡ್ಕೊಳ್ಳಿ. ಹಾಯಿ ಹಡಗಲ್ಲ, ವಿಮಾನವಾಹಕ ನೌಕೆ, ನಮ್ಮ ದೇಶದ ಮೊದಲನೆಯದು. 1971ರ ಯುದ್ಧದಲ್ಲಿ ಹೋರಾಡಿದ್ದು, ಅಂದ್ರೆ ನಮ್ಮ ಇಂಪ್ಲಾಕೆಬಲ್. 1997ರಲ್ಲಿ ನಿವೃತ್ತಿ, ಆಮೇಲೆ ಮುಂಬೈನಲ್ಲಿ ಮ್ಯೂಸಿಯಂ. 2012ರಲ್ಲಿ ಸುರಕ್ಷಿತವಲ್ಲ ಅಂತ ಮುಚ್ಚಿದ್ರು, 2014ರಲ್ಲಿ ಸುಮಾರು 60 ಕೋಟಿ ರೂಪಾಯಿಗೆ ಗುಜರಿಗೆ ಹೋಯ್ತು. ಅದರ ಉಕ್ಕು ಸೇರಿಸಿ ಬಜಾಜ್ ವಿ ಬೈಕ್ ಮಾಡಿದ್ರು, ನಿಮ್ಮಲ್ಲಿ ಕೆಲವರು ಓಡಿಸಿರ್ತೀರಿ. ಬ್ಲ್ಯಾಕ್‌ಪೂಲ್‌ನಲ್ಲಿ 1897ರಲ್ಲಿ ಪದಕ ಮಾರಿದ್ರಲ್ಲ, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ ಹೇಳಿ.

ಕೊನೆಗೆ ನಮ್ಮ ಕಾರವಾರ. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಐಎನ್‌ಎಸ್‌ವಿ ಕೌಂಡಿನ್ಯ ಅನ್ನೋ ಹಾಯಿ ಹಡಗು ಭಾರತೀಯ ನೌಕಾಪಡೆಗೆ ಸೇರಿತು. ಟ್ರಿಂಕೋಮಲಿಗೆ ನಕ್ಷೆ ಎರಡು ಸಲ ಬಂತು, ಕೌಂಡಿನ್ಯಕ್ಕೆ ನಕ್ಷೆಯೇ ಇರಲಿಲ್ಲ. ಇದ್ದಿದ್ದು ಅಜಂತಾ ಗುಹೆಯ 5ನೇ ಶತಮಾನದ ಒಂದು ಚಿತ್ರ. ಅದನ್ನ ನೋಡಿ, ಕೇರಳದ ಬಾಬು ಶಂಕರನ್ ಮತ್ತವರ ತಂಡದ ಕುಶಲಕರ್ಮಿಗಳು ಗೋವಾದಲ್ಲಿ ಹಲಗೆಗೆ ಹಲಗೆ ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ್ರು. ತಡೆಯುತ್ತೋ ಇಲ್ಲವೋ ಅನ್ನೋದನ್ನ ಮದ್ರಾಸ್ ಐಐಟಿಯಲ್ಲಿ ಪರೀಕ್ಷೆ ಮಾಡಿ ನೋಡಿದ್ರು. ಹಾಯಿ ಮೇಲೆ ಗಂಡಭೇರುಂಡ ಇದೆ, ನಮ್ಮ ರಾಜ್ಯದ ಲಾಂಛನದಲ್ಲಿರೋದೇ. 2025ರ ಡಿಸೆಂಬರ್ 29ಕ್ಕೆ ಪೋರ್‌ಬಂದರ್‌ನಿಂದ ಹೊರಟು, ಎಂಜಿನ್ ಇಲ್ಲದೇ, ಜನವರಿ 14ಕ್ಕೆ, ಸರಿಯಾಗಿ ಸಂಕ್ರಾಂತಿ ಹೊತ್ತಿಗೆ, ಒಮಾನ್‌ನ ಮಸ್ಕತ್ ತಲುಪಿತು.

ಇದು ಪ್ರತಿಕೃತಿ, ಹಳೇ ಹಡಗಲ್ಲ. ಆದ್ರೆ ಇದರಲ್ಲಿ ಹಳೇದು ಅಂತ ಇರೋದು ಮರ ಅಲ್ಲ, ಹೊಲಿಯೋ ವಿದ್ಯೆ. ಅದು ಗೊತ್ತಿರೋ ಕೈಗಳು ಕಡಿಮೆ ಆಗ್ತಾ ಇವೆ. ಕಾರವಾರದ ಬೀಚಲ್ಲಿ ಐಎನ್‌ಎಸ್ ಚಪಲ್ ಅನ್ನೋ ನಿವೃತ್ತ ಯುದ್ಧನೌಕೆಯನ್ನ ಟಿಕೆಟ್ ತಗೊಂಡು ನೋಡಬಹುದು, ಶಾಲೆ ಟ್ರಿಪ್‌ನಲ್ಲಿ ಹೋದವರಿಗೆ ಗೊತ್ತಿರುತ್ತೆ. ನೌಕಾನೆಲೆಯ ಒಳಗೆ ಹಾಗೆ ಸುಮ್ಮನೆ ಹೋಗೋಕಾಗಲ್ಲ. ಕೌಂಡಿನ್ಯ ತನ್ನ ಯಾನಗಳನ್ನೆಲ್ಲ ಮುಗಿಸಿದ ದಿನ ಅದನ್ನ ಚಪಲ್ ಪಕ್ಕದಲ್ಲಿ ತಂದು ನಿಲ್ಲಿಸಲಿ, ಆದ್ರೆ ಬರೀ ನಿಲ್ಲಿಸೋದಲ್ಲ. ಹರಿದ ಹೊಲಿಗೆಯನ್ನ ಜನರ ಎದುರಿಗೇ, ವರ್ಷ ವರ್ಷ, ಅಂಕೋಲ ಹೊನ್ನಾವರ ಕಡೆಯ ಹುಡುಗರ ಕೈಲಿ ಹೊಲಿಸಲಿ, ಅವರಿಗೆ ಸಂಬಳ ಕೊಟ್ಟು. ಟಿಕೆಟ್ ಎಷ್ಟೇ ಇಡಲಿ, ನಾನಂತೂ ತಗೋತೀನಿ.

ಮುಂದಿನ ವಾರ ಸಿಗೋಣ.